ಬಸುರಿಯ ಬವಣೆಯೂ ಶಿಶುವಿನ ಮಿದುಳೂ

ಗರ್ಭಿಣಿಯಾದವಳು ಸದಾ ಸಂತೋಷದಿಂದಿರಬೇಕು, ಅವಳು ಕಣ್ಣೀರಿಟ್ಟರೆ ಕೂಸಿಗೆ ತಟ್ಟುವದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಬಯಕೆ ತೀರಿಸುವದೂ, ಸೀಮಂತದಲ್ಲಿ ಹಸುರು ಬಳೆ ತೊಡಿಸುವದೂ, ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವದೂ ಈ ತಿಳುವಳಿಕೆಗೆ ಹೊಂದಿಕೊಂಡೇ ಇರುವವು. ಮಾತು ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಅನ್ಯಾಯವು ಅಡಗಿದೆ. ಸಂತೋಷದಿಂದಿರುವ ಹೊಣೆಯನ್ನು ಬಸುರಿಯ ಮೇಲೆಯೇ ಹೊರಿಸಿ, ಅವಳ ಬವಣೆಯನ್ನು ಕಡಮೆಮಾಡುವ ಹೊಣೆಯನ್ನು ಮನೆಯವರು ಮರೆತುಬಿಡುವದುಂಟು. ಆದುದರಿಂದ ಈ ಶಾಲೆಯಿಂದ ಹೋಗಿ ಈಗ ತಾಯಂದಿರೂ ಅತ್ತೆಯರೂ ಆಗಿರುವ ಸಹೋದರಿಯರಿಗೂ, ಮಾನ್ಯ ಪೋಷಕರಿಗೂ ನಾಲ್ಕು ಮಾತು ಬರೆಯಲಪೇಕ್ಷಿಸುತ್ತೇನೆ.

1944-45ರ ಚಳಿಗಾಲದಲ್ಲಿ ಜರ್ಮನರು ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದರು. ಆಮ್‌ಸ್ಟರ್‌ಡಾಮಿನಲ್ಲಿ ಒಬ್ಬರ ದಿನದ ಪಡಿತರವು ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ದೇಶದಲ್ಲಿ ಜನನದ ದಾಖಲೆಗಳನ್ನು ಚೆನ್ನಾಗಿಟ್ಟಿದ್ದ ಕಾರಣ, ಆಗ ಗರ್ಭದಲ್ಲಿದ್ದವರ ಗತಿಯೇನಾಯಿತೆಂದು ಮುಂದೆ ವಿದ್ವಾಂಸರು ಹುಡುಕಲು ಸಾಧ್ಯವಾಯಿತು. ಕ್ಷಾಮವು ಅತಿ ಘೋರವಾಗಿದ್ದಾಗ ಗರ್ಭಾಂಕುರವಾದವರಲ್ಲಿ ಸ್ಕಿಜೋಫ್ರೇನಿಯವೆಂಬ ಮನೋವ್ಯಾಧಿಯು ಇತರರಿಗಿಂತ ಸುಮಾರು ಇಮ್ಮಡಿಯಾಗಿ ಕಂಡುಬಂತು. ಹಾಗಿದ್ದರೂ ಅವರಲ್ಲಿ ಬಹುಮಂದಿಗೆ ಆ ವ್ಯಾಧಿಯು ತಗಲಲಿಲ್ಲವೆಂಬದನ್ನು ಮರೆಯತಕ್ಕದ್ದಲ್ಲ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1998ನೆಯ ಇಸವಿಯ ಜನವರಿಯಲ್ಲಿ ಹಿಮದ ಮಳೆ ಸುರಿದು ವಿದ್ಯುತ್ತಿನ ಕಂಬಗಳು ಮುರಿದುಬಿದ್ದವು. ಕೆಲವು ಮನೆಗಳು ತಿಂಗಳಿಗೂ ಮಿಕ್ಕಿ ದೀಪವೂ ಬಿಸಿಯೂ ಇಲ್ಲದೆ ಇದ್ದವು. ಆಗ ಬಸುರಿಯರಾಗಿದ್ದವರ ಮಕ್ಕಳನ್ನು ಸುಝಾನ್ ಕಿಂಗ್ ಎಂಬ ವಿದುಷಿಯೂ ಅವರ ಸಂಗಡಿಗರೂ ವರುಷಗಳ ವರೆಗೆ ಪರೀಕ್ಷಿಸಿದರು. ಹೆಚ್ಚು ಕಷ್ಟಕ್ಕೀಡಾದ ತಾಯಂದಿರ ಮಕ್ಕಳು ಎರಡು ವರುಷದವರಾದಾಗಲೂ ಐದೂವರೆ ವರುಷದವರಾದಾಗಲೂ ಮಾತಿನಲ್ಲಿಯೂ ಬುದ್ಧಿಯ ಪರೀಕ್ಷೆಯಲ್ಲಿಯೂ ತುಸು ಹಿಂದೆ ಇದ್ದರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ತಾಯಿಯು ಎಷ್ಟು ಕಳವಳಪಟ್ಟಳೆಂಬದಕ್ಕಿಂತ ಎಷ್ಟು ದಿನ ಕಷ್ಟದಲ್ಲಿದ್ದಳೆಂಬದೇ ಈ ಫಲಕ್ಕೆ ಹೆಚ್ಚಾಗಿ ಹೊಂದಿಕೊಂಡಿತು. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ನಿದ್ರಿಸುವ ಹಸುಗೂಸುಗಳ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ಅಳೆದು 2022ರಲ್ಲಿ ಪ್ರಕಟಿಸಿದ ಶೋಧನೆಯೂ ಇದನ್ನೇ ಹೇಳಿತು: ಬಡತನದ ಬಸಿರಿನಿಂದ ಹುಟ್ಟಿದ ಕೂಸುಗಳ ಮಿದುಳಿನ ಗಾತ್ರವೂ ಅದರ ಮಡಿಕೆಗಳೂ ಸ್ವಲ್ಪ ಕಡಮೆಯಾಗಿದ್ದವು, ತಾಯಿಯ ಮನಸ್ಸಿನ ಒತ್ತಡವೊಂದಕ್ಕೆ ಅಂಥ ಸಂಬಂಧವು ಕಾಣಲಿಲ್ಲ.

ಮನೋವ್ಯಥೆಯು ಲೆಕ್ಕಕ್ಕಿಲ್ಲವೆಂದು ನಾನು ಹೇಳುವದಿಲ್ಲ. ಸಂಕಟದಲ್ಲಿ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ರಸವು ಹೆಚ್ಚುವದು. ಮಾಸು ಅದರ ಬಹುಪಾಲನ್ನು ನಿರುಪದ್ರವಿಯಾಗಿ ಮಾರ್ಪಡಿಸಿ ಕೂಸನ್ನು ಕಾಯುವದು. ಆದರೆ ಈ ಕಾವಲು ಪೂರ್ಣವಾದದ್ದಲ್ಲ. ಆದಾಗ್ಯೂ ಹಸಿದವಳಿಗೂ ದಣಿದವಳಿಗೂ ‘ನಗುತ್ತಿರು’ ಎಂದು ಬುದ್ಧಿ ಹೇಳುವದು ಅಗ್ಗದ ಔಷಧ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಳು ತಿಂಗಳ ಬಸುರಿನಲ್ಲಿ ನನ್ನನ್ನು ನೋಡಲು ಬಂದಿದ್ದಳು. ನೀರು ಹೊರುವವಳು ಅವಳೇ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳೂ ಅವಳೇ. ‘ನಾವೂ ಹೀಗೆಯೇ ಹೆತ್ತೆವಲ್ಲ’ ಎಂದು ಅತ್ತೆಯವರು ಹೇಳುತ್ತಾರಂತೆ. ಹೆತ್ತದ್ದು ನಿಜ, ಏನನ್ನು ತೆತ್ತು ಹೆತ್ತರೆಂದು ಯಾರೂ ಲೆಕ್ಕವಿಡಲಿಲ್ಲ.

ಇನ್ನೊಂದು ಸಂಗತಿಯು ನೇರವಾಗಿ ಹೆಣ್ಣುಮಕ್ಕಳ ಶಾಲೆಗೆ ಸೇರಿದ್ದು. ಮಿದುಳೂ ಬೆನ್ನುಹುರಿಯೂ ಆಗತಕ್ಕ ಕೊಳವೆಯು ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುವದು. ಆಗಿನ್ನೂ ಅನೇಕರಿಗೆ ತಾವು ಬಸುರಿಯೆಂದೇ ತಿಳಿದಿರುವದಿಲ್ಲ. ಫೋಲಿಕ್ ಆಮ್ಲವು ಬೇಕಾಗುವದು ಆ ದಿನಗಳಲ್ಲಿಯೇ. 2019-21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರೆಂದು ಕಂಡುಬಂತು. ಈ ರಕ್ತಹೀನತೆಯು ಅನೇಕರಲ್ಲಿ ಬಸುರಿಗೂ ಮುಂಚೆಯೇ ಇರುವಂಥದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರನ್ನು ನಾನು ಗದರಿಸುವದು ಇದಕ್ಕಾಗಿಯೇ. ಮನೆಯಲ್ಲಿ ಮೊಟ್ಟೆಯೋ ಹಾಲೋ ಗಂಡುಮಗನಿಗೆ ಮೊದಲು ಹೋಗುವದಾದರೆ ಆ ಪೋಷಕರನ್ನು ಗದರಿಸುವ ಅಧಿಕಾರ ನನಗಿಲ್ಲ, ಬಿನ್ನವಿಸುತ್ತೇನೆ.

ಕಷ್ಟದ ಬಸಿರಿನಲ್ಲಿ ಹುಟ್ಟಿದ ಮಗುವು ದಡ್ಡನೇ ಆಗುವನೆಂದು ಯಾರೂ ತಿಳಿಯಬಾರದು. ಮೇಲಿನ ಶೋಧನೆಗಳು ಗುಂಪಿನ ಸರಾಸರಿಯನ್ನು ತಿಳಿಸುವವೇ ಹೊರತು ಒಂದು ಮಗುವಿನ ಹಣೆಬರಹವನ್ನಲ್ಲ. ಹುಟ್ಟಿದ ಮೇಲೆಯೂ ಮಿದುಳು ಬೆಳೆಯುತ್ತಲೇ ಇರುವದು. ಮಾತಾಡಿಸಿ, ಮುದ್ದಿಸಿ, ಉಣಿಸಿ ಬೆಳೆಸಿದ ಮಗುವು ಎಷ್ಟೋ ಕೊರತೆಯನ್ನು ತುಂಬಿಕೊಳ್ಳುವದು. ತಾಯಿಯನ್ನು ದೂರಲಿಕ್ಕೆ ಈ ವಿದ್ಯೆಯನ್ನು ಬಳಸುವವರಿಗೆ ಅದನ್ನು ತಿಳಿಸದಿರುವದೇ ಲೇಸು.

2017ರಲ್ಲಿ ಹೆರಿಗೆಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಹೆಚ್ಚಿಸಿದರು. ನಮ್ಮ ಉಪಾಧ್ಯಾಯಿನಿಯರಂಥವರಿಗೆ ಹೆರಿಗೆಯ ರಜೆಯುಂಟು. ಅದೇ ವರುಷ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆಯ ಮೂಲಕ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಬಡಿಸತೊಡಗಿದರು. ಆದರೆ ನಮ್ಮ ನಿಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಬಸುರಿಗೆ ರಜೆಯ ಸಂಬಳ ಕೊಡುವವರಾರು? ಎಂಟನೆಯ ತಿಂಗಳಲ್ಲಿ ಅವಳು ಬಾರದಿದ್ದರೆ ಬೇರೊಬ್ಬಳನ್ನು ಗೊತ್ತುಮಾಡಿಕೊಳ್ಳುವವರು ನಾವೇ. ಅವಳ ಕೆಲಸವನ್ನು ಕಾದಿಟ್ಟು, ಮೂರು ತಿಂಗಳ ಸಂಬಳವನ್ನಾದರೂ ಅವಳ ಮನೆಗೆ ಕಳುಹಿಸುವ ಪದ್ಧತಿಯನ್ನು ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ಈ ವರುಷವೇ ಆರಂಭಿಸಬಹುದು. ಅವಳ ಮಗಳು ಕೆಲವೇ ವರುಷಗಳಲ್ಲಿ ನಮ್ಮ ಶಾಲೆಯ ಬೆಂಚಿನ ಮೇಲೆಯೇ ಬಂದು ಕೂಡುವಳು.