ಚಿಕ್ಕ ವಿದ್ಯಾಪೀಠಗಳೂ ಊರಿನ ಋಣವೂ

2025ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಕರ್ನಾಟಕ ಸರಕಾರದ ಸಚಿವ ಸಂಪುಟದ ಉಪಸಮಿತಿಯೊಂದು, ಈಚಿನ ವರ್ಷಗಳಲ್ಲಿ ಹುಟ್ಟಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಲೇಸೆಂದು ಅಭಿಪ್ರಾಯಪಟ್ಟಿತು. ಹಾವೇರಿ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಹೆಸರು ಹೊತ್ತ ಚಿಕ್ಕ ವಿದ್ಯಾಪೀಠಗಳು ಆ ಪಟ್ಟಿಯಲ್ಲಿದ್ದವು. ಹಣವಿಲ್ಲ, ಕಟ್ಟಡವಿಲ್ಲ, ಕಾಯಂ ಅಧ್ಯಾಪಕರಿಲ್ಲ ಎಂಬುದು ಮುಚ್ಚಬೇಕೆನ್ನುವವರ ವಾದ. ಕೊಟ್ಟುದನ್ನು ಕಿತ್ತುಕೊಳ್ಳುವುದು ಅನ್ಯಾಯವೆಂಬುದು ಬೀದಿಗಿಳಿದ ವಿದ್ಯಾರ್ಥಿಗಳ ವಾದ. ಈ ಎರಡು ವಾದಗಳ ಗದ್ದಲದಲ್ಲಿ ಮೂರನೆಯ ಪ್ರಶ್ನೆಯೊಂದನ್ನು ಯಾರೂ ಕೇಳಿದಂತೆ ತೋರಲಿಲ್ಲ. ಅದಾವುದೆಂದರೆ, ಇಂಥ ವಿದ್ಯಾಪೀಠಕ್ಕೂ ಅದು ನಿಂತ ಊರಿಗೂ ಇರತಕ್ಕ ಸಂಬಂಧವೇನು? ನಾಳೆ ಅದರ ಬಾಗಿಲು ಮುಚ್ಚಿದರೆ ಪಕ್ಕದ ಹಳ್ಳಿಯ ರೈತನಿಗೆ, ಪೇಟೆಯ ವರ್ತಕನಿಗೆ, ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಯಾವ ನಷ್ಟವಾಗುವುದು? ಇದಕ್ಕೆ ತಕ್ಕ ಉತ್ತರವಿದ್ದಲ್ಲಿ ಯಾವ ಸಮಿತಿಯೂ ಆ ಬಾಗಿಲನ್ನು ಸುಲಭವಾಗಿ ಮುಚ್ಚಲಾರದು. ಉತ್ತರವಿಲ್ಲದಿದ್ದಲ್ಲಿ ಅದು ತೆರೆದಿದ್ದೂ ಮುಚ್ಚಿದಂತೆಯೇ ಸರಿ.

ಕನ್ನಡ ನಾಡಿನಲ್ಲಿ ವಿದ್ಯೆಯು ಸರಕಾರದ ಖಜಾನೆಯಿಂದ ಮಾತ್ರ ಬೆಳೆದುದಲ್ಲವೆಂಬುದನ್ನು ಮೊದಲು ನೆನೆಯಬೇಕು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರು ಊರ ಜನರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಹುಟ್ಟುಹಾಕಿದವರಲ್ಲಿ ಏಳು ಮಂದಿ ಶಿಕ್ಷಕರೇ ಮುಂದಾಳುಗಳು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳು ಸಾವಿರಾರು ಬಡ ಹುಡುಗರಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟವು. ಮಠವಿಲ್ಲದ ಊರಿನಲ್ಲಿ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳ ಉಪ್ಪುಂಡು ಓದಿದವರು ವಕೀಲರಾದರು, ವೈದ್ಯರಾದರು, ಮಂತ್ರಿಗಳೂ ಆದರು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಎಲ್ಲ ಮಕ್ಕಳಿಗೂ ಎಲ್ಲ ಮನೆಗಳ ಬಾಗಿಲು ತೆರೆದಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಓದುವ ಹುಡುಗನು ಊರಿಗೆ ಸಾಲಗಾರನೆಂಬ ಒಂದು ತಿಳಿವಳಿಕೆ ಅದರಲ್ಲಿತ್ತು. ಇಂದು ಊಟವನ್ನು ಸರಕಾರದ ವಿದ್ಯಾರ್ಥಿನಿಲಯ ಕೊಡುತ್ತದೆ. ಅದರ ಹಣ ಬರುವುದು ಅದೇ ಜನರ ತೆರಿಗೆಯಿಂದ. ಸಾಲ ಹಾಗೆಯೇ ಉಳಿದಿದೆ, ಸಾಲಕೊಟ್ಟವನ ಮುಖ ಮಾತ್ರ ಕಾಣದಾಗಿದೆ.

ಈ ಋಣವನ್ನು ತೀರಿಸುವ ಬಗೆ ಹೇಗೆಂಬುದಕ್ಕೆ ನಮ್ಮ ದೇಶದಲ್ಲಿ ಮಾದರಿಗಳಿಲ್ಲದೆ ಇಲ್ಲ. ಗಾಂಧೀಜಿಯವರು 1920ರಲ್ಲಿ ಅಹಮದಾಬಾದಿನಲ್ಲಿ ಗುಜರಾತ ವಿದ್ಯಾಪೀಠವನ್ನು ಸ್ಥಾಪಿಸಿದಾಗ ಕೈಕೆಲಸವೂ ಗ್ರಾಮಸೇವೆಯೂ ಓದಿನ ಅಂಗಗಳೇ ಆದವು. ರವೀಂದ್ರನಾಥ ಠಾಕೂರರು 1922ರಲ್ಲಿ ಶಾಂತಿನಿಕೇತನದ ಸಮೀಪದ ಸುರೂಲ ಗ್ರಾಮದಲ್ಲಿ ಗ್ರಾಮೋದ್ಧಾರದ ಕೇಂದ್ರವನ್ನು ತೆರೆದರು. ಅದೇ ಮುಂದೆ ಶ್ರೀನಿಕೇತನವಾಯಿತು. ಲೆನರ್ಡ ಎಲ್ಮ್‌ಹರ್ಸ್ಟರೊಡನೆ ಅಲ್ಲಿಗೆ ಹೋದ ವಿದ್ಯಾರ್ಥಿಗಳು ಒಂದು ಕೈಬೆರಳೆಣಿಕೆಯವರು. ಅವರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡರು, ಶೌಚದ ಕೆಲಸವನ್ನೂ ತಾವೇ ನೋಡಿಕೊಂಡರು. ಬೇಸಾಯ, ಮಲೇರಿಯ ನಿವಾರಣೆ, ಸಹಕಾರ, ಇವೇ ಅಲ್ಲಿಯ ಪಾಠಗಳು. ದೊಡ್ಡ ನಗರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಆಗದ ಕೆಲಸ ಅದು. ಚಿಕ್ಕದಾಗಿದ್ದುದರಿಂದಲೇ ಅದು ಆಯಿತು.

ಸ್ವಾತಂತ್ರ್ಯದ ತರುವಾಯ ಈ ವಿಚಾರಕ್ಕೆ ದೇಶವ್ಯಾಪಿಯಾದ ರೂಪು ಬಂದುದು 1969ರ ಸಪ್ಟಂಬರ 24ರಂದು. ಗಾಂಧೀ ಜನ್ಮಶತಾಬ್ದಿಯ ಆ ವರ್ಷ ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ರಾಯರು ಆಗ ಲೋಕಸಭೆಯಲ್ಲಿ ನಮ್ಮ ಬಳ್ಳಾರಿಯ ಪ್ರತಿನಿಧಿಗಳಾಗಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಅದರ ಮೇಲೆ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ, ಇದು ಅದರ ಕಟ್ಟಳೆ. ಕಟ್ಟಳೆ ಒಳ್ಳೆಯದೇ. ಆದರೆ ನಡೆಯುವುದೇನು? ಎಷ್ಟೋ ಕಡೆ ಒಂದು ವರ್ಷ ಒಂದು ಹಳ್ಳಿ, ಮರು ವರ್ಷ ಬೇರೊಂದು ಹಳ್ಳಿ. ಮೊದಲ ದಿನ ಉದ್ಘಾಟನೆ, ಕಡೆಯ ದಿನ ಸಮಾರೋಪ, ನಡುವೆ ದೇವಸ್ಥಾನದ ಅಂಗಳದ ಕಸ ಗುಡಿಸುವುದು, ನಾಲ್ಕು ಸಸಿ ನೆಡುವುದು, ಛಾಯಾಚಿತ್ರ ತೆಗೆಸಿಕೊಳ್ಳುವುದು. ಸಸಿಗೆ ನೀರೆರೆಯುವವರು ಯಾರೆಂಬುದನ್ನು ಯಾರೂ ಕೇಳುವುದಿಲ್ಲ. ಏಳು ದಿನದ ನೆಂಟನಿಗೆ ಮನೆಯ ಕಷ್ಟ ತಿಳಿಯುವುದೆಂತು?

ಇಲ್ಲಿಯೇ ಚಿಕ್ಕ ವಿದ್ಯಾಪೀಠದ ಹೆಚ್ಚುಗಾರಿಕೆಯಿರುವುದು. ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಾಗಲಿ, ಕೊಡಗಿನ ಚಿಕ್ಕ ಅಳುವಾರದಲ್ಲಾಗಲಿ ಓದುವವರಲ್ಲಿ ಬಹುಮಂದಿ ಸುತ್ತಲಿನ ತಾಲೂಕುಗಳವರೇ. ಬೆಳಿಗ್ಗೆ ಹಳ್ಳಿಯ ಬಸ್ಸು ಹತ್ತಿ ಬಂದು ಸಂಜೆ ಅದೇ ಬಸ್ಸಿನಲ್ಲಿ ಮನೆಗೆ ಮರಳುವ ಹೆಣ್ಣುಮಕ್ಕಳು ಅವರಲ್ಲಿ ಅನೇಕರು. ವಿದ್ಯಾಪೀಠ ದೂರ ಹೋದರೆ ಹುಡುಗನು ಹೇಗೋ ಕೊಠಡಿ ಹಿಡಿದು ಓದಿಯಾನು. ಹುಡುಗಿಯ ಓದು ಅಲ್ಲಿಗೇ ನಿಂತುಹೋಗುವ ಭಯವುಂಟು. ಇಂಥ ವಿದ್ಯಾರ್ಥಿಗಳಿಗೆ ಹಳ್ಳಿಯನ್ನು ಹೊಸದಾಗಿ ತೋರಿಸಬೇಕಾಗಿಲ್ಲ. ಹಳ್ಳಿಯೇ ಅವರ ಮನೆ. ತಾವು ಕಂಡುದನ್ನು ವಿದ್ಯೆಯ ಕಣ್ಣಿನಿಂದ ಮತ್ತೊಮ್ಮೆ ಕಾಣುವಂತೆ ಮಾಡುವುದಷ್ಟೇ ಅಧ್ಯಾಪಕರ ಕೆಲಸ.

ಗದುಗಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿದರು. ಸಾಲದ ಶೂಲದಿಂದ ರೈತನನ್ನು ಬಿಡಿಸಿದ ಆ ವಿಚಾರ ಹುಟ್ಟಿದುದು ವಿಶ್ವವಿದ್ಯಾಲಯದಲ್ಲಲ್ಲ, ಹಳ್ಳಿಯ ಚಾವಡಿಯಲ್ಲಿ. ಅದೇ ಜಿಲ್ಲೆಯಲ್ಲಿ ಇಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ಯ ವಿಷಯಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಯು ಸಹಕಾರದ ಇತಿಹಾಸವನ್ನು ಪುಸ್ತಕದಿಂದ ಉರುಹಚ್ಚಿ, ಕಣಗಿನಹಾಳದ ಜಮಾಖರ್ಚಿನ ವಹಿಯನ್ನು ಒಮ್ಮೆಯೂ ಕಣ್ಣಾರೆ ನೋಡದೆ ಪದವಿ ಪಡೆದರೆ, ಆ ಪದವಿಗೆ ಬೆಲೆಯೇನು? ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಹುಟ್ಟಿದಂದಿನಿಂದ ಬುಡಕಟ್ಟುಗಳ ಬಾಳನ್ನೂ ಜನಪದರ ಮಾತನ್ನೂ ಅರಸುತ್ತ ಊರೂರಿಗೆ ಹೋಗಿ ಪುಸ್ತಕಗಳನ್ನು ಹೊರತಂದಿತು. ಆ ದಾರಿ ಎಲ್ಲ ಚಿಕ್ಕ ವಿದ್ಯಾಪೀಠಗಳ ದಾರಿಯಾಗಬೇಕು.

ಮಾಡತಕ್ಕದ್ದೇನೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಪ್ರತಿಯೊಂದು ವಿದ್ಯಾಪೀಠವು ಐದಾರು ಹಳ್ಳಿಗಳನ್ನು ಆರಿಸಿಕೊಂಡು ಕನಿಷ್ಠ ಐದು ವರ್ಷ ಅವುಗಳನ್ನೇ ಬಿಡದೆ ಹಿಡಿಯಲಿ. ಅರ್ಥಶಾಸ್ತ್ರದವರು ಅಲ್ಲಿಯ ಸಾಲ, ಕೂಲಿ, ಬೆಳೆಗಳ ಲೆಕ್ಕವನ್ನು ವರ್ಷ ವರ್ಷ ಬರೆಯಲಿ. ಇತಿಹಾಸದವರು ಶಾಸನ, ಕಾಗದಪತ್ರಗಳನ್ನು ಕಾಯಲಿ. ವಿಜ್ಞಾನದವರು ಬಾವಿ, ಕೆರೆಗಳ ನೀರನ್ನು ಪರೀಕ್ಷಿಸಿ ಫಲವನ್ನು ಗ್ರಾಮಸಭೆಯ ಮುಂದೆ ತಿಳಿಗನ್ನಡದಲ್ಲಿ ಓದಿಹೇಳಲಿ. ಈ ಕೆಲಸಕ್ಕೆ ಪರೀಕ್ಷೆಯಲ್ಲಿ ಅಂಕಗಳಿರಲಿ. ಇಲ್ಲದಿದ್ದರೆ ಅದು ಬಿಡುವಿನ ವಿನೋದವಾಗಿ ಉಳಿಯುವುದು.

ಓದುವುದಕ್ಕೇ ವೇಳೆಯಿಲ್ಲದವರಿಗೆ, ನೌಕರಿಯ ಚಿಂತೆಯಲ್ಲಿರುವವರಿಗೆ ಇದೊಂದು ಹೊರೆಯಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಒಂದು ಗ್ರಾಮದ ಲೆಕ್ಕವನ್ನು ಮೂರು ವರ್ಷ ಬರೆದ ತರುಣನು ಟಿಪ್ಪಣಿಗಳನ್ನು ಬಾಯಿಪಾಠ ಮಾಡಿದವನಿಗಿಂತ ನೌಕರಿಗೆ ಕಡಿಮೆ ಯೋಗ್ಯನೆಂದು ಹೇಳುವ ಧೈರ್ಯ ಯಾರಿಗಿದೆ? ಇನ್ನೊಂದು ಮಾತು. ವಿದ್ಯಾರ್ಥಿಗಳ ಸೇವೆಯನ್ನು ತೋರಿಸಿ ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳಕೂಡದು. ನಾಮಫಲಕ ಬರೆಯಿಸಿ, ಕುಲಪತಿಯನ್ನು ನೇಮಿಸಿ, ಅಧ್ಯಾಪಕರನ್ನೂ ಹಣವನ್ನೂ ಕೊಡದಿರುವುದು ಹೆತ್ತ ಕೂಸಿಗೆ ಹಾಲೂಡದೆ ಅದು ಬೆಳೆಯಲಿಲ್ಲವೆಂದು ದೂರಿದಂತೆ.

ಪೌರರಿಗೂ ಶಿಕ್ಷಕ ಬಂಧುಗಳಿಗೂ ಕಡೆಯದಾಗಿ ಒಂದು ಬಿನ್ನಹ. ವಿದ್ಯಾಪೀಠವು ಊರ ಹೊರಗಿನ ಕಟ್ಟಡವೆಂದು ಭಾವಿಸದಿರಿ. ನಿಮ್ಮ ಮನೆಯ ಹಳೆಯ ಕಾಗದಪತ್ರಗಳನ್ನು ಅಲ್ಲಿಯ ವಿದ್ಯಾರ್ಥಿಗಳಿಗೆ ತೋರಿಸಿರಿ. ನಿಮ್ಮ ಶಾಲೆಯ ಮಕ್ಕಳನ್ನು ಅಲ್ಲಿಯ ಗ್ರಂಥಾಲಯಕ್ಕೆ ಕರೆದೊಯ್ಯಿರಿ. ದೂರದ ಹಳ್ಳಿಯ ಹುಡುಗಿಗೆ ತಂಗಲು ಒಂದು ನಂಬುಗೆಯ ಮನೆ ಹುಡುಕಿಕೊಡಿರಿ. 1956ರಲ್ಲಿ ಹರಿದು ಹಂಚಿಹೋಗಿದ್ದ ನಾಡು ಒಂದಾದುದು ದಿಲ್ಲಿಯ ಕಾಗದದ ಬಲದಿಂದಷ್ಟೇ ಅಲ್ಲ; ಊರೂರಿನ ಜನ ಅದನ್ನು ತಮ್ಮದೆಂದು ಬಗೆದುದರಿಂದ. ನಾಡಿನ ಚಿಕ್ಕ ವಿದ್ಯಾಪೀಠಗಳ ಅಳಿವು ಉಳಿವೂ ಆ ಮಮತೆಯ ಮೇಲೆಯೇ ನಿಂತಿದೆ.