ಗ್ರೈಂಡರ್‌ಗೆ ಅನ್‌ಡೂ ಬಟನ್ ಇಲ್ಲ

ಶನಿವಾರ ಬೆಳಗ್ಗೆ ಬೆಂಗಳೂರಿಂದ ಊರಿಗೆ ಹೋಗೋದು, ಭಾನುವಾರ ರಾತ್ರಿ ಕೈಯೆಲ್ಲಾ ಗ್ರೀಸ್ ಮಾಡ್ಕೊಂಡು ವಾಪಸ್ ಬರೋದು. ಮೂರು ತಿಂಗಳಿಂದ ಇದೇ ನನ್ನ ವೀಕೆಂಡು. ತುರುವೇಕೆರೆ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ತಾತನ ಜಾವಾ ಇಪ್ಪತ್ತು ವರ್ಷದಿಂದ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ನಮ್ಮ ಕಡೆ ಬಲಿತ ಕಾಯಿಯನ್ನ ಸುಲಿಯದೆ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡ್ತೀವಿ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದ್ಮೇಲೇ ಒಡೆಯೋದು. ಅದೇ ತಿಪಟೂರಿನ ಉಂಡೆ ಕೊಬ್ಬರಿ. ಅಟ್ಟದ ಕಾಯಿ ವರ್ಷ ವರ್ಷ ಇಳೀತಿತ್ತು, ಕೆಳಗಿದ್ದ ಗಾಡಿಯನ್ನ ಮಾತ್ರ ಯಾರೂ ಮುಟ್ಟಿರಲಿಲ್ಲ.

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ. ಆದ್ರೆ ನಮ್ಮವರು ಓಡಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಲ್ಲಿ ಶುರುವಾದ ಕಾರ್ಖಾನೆ ಅದು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಅಂತಾಯ್ತು, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮದು 1972ರ ಗಾಡಿ, ಹಾಗಾಗಿ ಇನ್ನೂ ಜಾವಾ. 250 ಸಿಸಿ, ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕೂ ಗೇರೂ ಒಂದೇ ಲಿವರ್. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು, ಲೀಟರಿಗೆ ಸುಮಾರು 40 ಎಂಎಲ್.

ನನ್ನ ಪ್ಲಾನ್ ಏನಿತ್ತು ಅಂದ್ರೆ, ಕೆಫೆ ರೇಸರ್! ಯೂಟ್ಯೂಬಲ್ಲಿ ನೀವೂ ನೋಡಿರ್ತೀರಿ: ಬಗ್ಗಿಸಿದ ಹ್ಯಾಂಡಲ್, ಚಪ್ಪಟೆ ಸೀಟು, ಹಿಂದೆ ಕತ್ತರಿಸಿದ ಫ್ರೇಮು, ಮೇಲೆ ಮ್ಯಾಟ್ ಬ್ಲ್ಯಾಕ್. ಆನ್‌ಲೈನಲ್ಲಿ ಆ್ಯಂಗಲ್ ಗ್ರೈಂಡರ್ ತರಿಸಿದೆ. ಫ್ರೇಮಿಗೆ ಕೈ ಹಾಕಕ್ಕೆ ಸ್ವಲ್ಪ ಹೆದರಿಕೆ. ಅಭ್ಯಾಸಕ್ಕೆ ಅಂತ ಚಿಕ್ಕದರಿಂದ ಶುರು ಮಾಡಿದೆ. ಮುಂದಿನ ಲೆಗ್ ಗಾರ್ಡ್‌ಗೆ, ಎರಡೂ ಕಡೆ, ಯಾರೋ ಒರಟೊರಟಾಗಿ ವೆಲ್ಡ್ ಮಾಡಿದ್ದ ಗೇಣುದ್ದದ ಸರಳು. ಓರೆ ಬೇರೆ. ಕಂಪನಿಯದಂತೂ ಅಲ್ಲ, ಯಾವುದಕ್ಕೂ ಉಪಯೋಗ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಎರಡೂ ಕೆಳಗೆ ಬಿದ್ದವು. ಸೋಗೆ ರಾಶಿ ಕಡೆ ಎಸೆದೆ.

ಸಂಜೆ ಅಪ್ಪ ತೋಟದಿಂದ ಬಂದ್ರು. ಗಾಡಿ ಮುಂದೆ ಕೂತು ಲೆಗ್ ಗಾರ್ಡ್ ಸವರಿ, “ಇದನ್ಯಾಕೆ ಕುಯ್ದೆ?” ಅಂದ್ರು.

“ವೇಸ್ಟ್ ಇತ್ತಲ್ಲಪ್ಪ.”

“ವೇಸ್ಟಲ್ಲ ಕಣೋ. ನಾನು ಕಾಲಿಡಕ್ಕೆ ನಿಮ್ ತಾತ ಹಾಕ್ಸಿದ್ದು.”

ನಂಗೆ ಅರ್ಥ ಆಗಲಿಲ್ಲ. ಕೈಕಾಲು ತೊಳ್ಕೊಂಡು ಕಾಫಿ ಕುಡೀತಾ ಅವರೇ ಹೇಳಿದ್ರು. ತಾತನಿಗೆ ಓದು ಬರ್ತಿರಲಿಲ್ಲ, ಸಹಿ ಹಾಕಕ್ಕೆ ಮಾತ್ರ ಕಲ್ತಿದ್ರು. ಕೊಬ್ಬರಿ ಚೀಲ ಹಿಂದೆ ಕಟ್ಕೊಂಡು ತಿಪಟೂರಿಗೆ ಹೋದಾಗ ಮಂಡಿಯಲ್ಲಿ ಕೊಡ್ತಿದ್ದ ಚೀಟಿ ಓದಕ್ಕೆ, ತೂಕ ಎಷ್ಟು, ರೇಟ್ ಎಷ್ಟು, ಹಮಾಲಿ ಎಷ್ಟು ಹಿಡಿದ್ರು ಅಂತ ನೋಡಕ್ಕೆ ಒಬ್ಬರು ಬೇಕಿತ್ತು. ಅಪ್ಪನಿಗಾಗ ಎಂಟು ವರ್ಷ. ಹಿಂದೆ ಚೀಲ, ಹಾಗಾಗಿ ಅಪ್ಪ ಮುಂದೆ ಟ್ಯಾಂಕಿನ ಮೇಲೆ. ಕಾಲು ನೇತಾಡಿ ಬಿಸಿ ಇಂಜಿನ್‌ಗೆ ತಾಗಿ ಒಂದ್ಸಲ ಸುಟ್ಟಿದೆ. ಮಾರನೇ ದಿನವೇ ತಾತ ಗಾಡಿಯನ್ನ ವೆಲ್ಡಿಂಗ್ ಶಾಪಿಗೆ ತಳ್ಕೊಂಡು ಹೋಗಿದ್ದಾರೆ.

“ಮಂಡಿ ದಿನ ಸ್ಕೂಲಿಗೆ ಚಕ್ಕರ್. ಲೆಕ್ಕದಲ್ಲಿ ಚೆನ್ನಾಗಿದ್ದೆ ಅಂತ ಮೇಷ್ಟ್ರು ಮನೇತನಕ ಬಂದು ಬೈದು ಹೋಗೋರು. ಎಸ್ಸೆಸ್ಸೆಲ್ಸಿ ಆದ್ಮೇಲೆ ನಾನೇ ಬಿಟ್ಟೆ,” ಅಂದ್ರು ಅಪ್ಪ. ಕೋಪವೇನೂ ಇರಲಿಲ್ಲ ದನಿಯಲ್ಲಿ. ನನ್ನನ್ನ ಇಂಜಿನಿಯರಿಂಗ್‌ಗೆ ಸೇರಿಸುವಾಗ ಎರಡು ಎಕರೆ ತೋಟದ ಮೇಲೆ ಸಾಲ ಎತ್ತಿದ ಮನುಷ್ಯ ಇವರು. ಈ ಕಥೆ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಆ ಸರಳು ಕುಯ್ಯದೇ ಹೋಗಿದ್ರೆ ಬಹುಶಃ ಹೇಳ್ತಲೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಮೆಂಟೇ ಇಲ್ಲದ ಒಂದು ಹಳೇ ಫಂಕ್ಷನ್ ನೋಡಿ, ಯಾರೂ ಬಳಸ್ತಿಲ್ಲ ಅಂತ ಡಿಲೀಟ್ ಮಾಡಿದ್ದೆ. ತಿಂಗಳ ಕೊನೇಲಿ ಒಂದು ರಿಪೋರ್ಟೇ ಬರಲಿಲ್ಲ. ಗಿಟ್ ಇತ್ತು, ರಿವರ್ಟ್ ಮಾಡಿ ಬಚಾವಾದೆ. ಗ್ರೈಂಡರ್‌ಗೆ ಅನ್‌ಡೂ ಬಟನ್ ಇಲ್ಲ.

ಆ ರಾತ್ರಿ ಕೂತು ನಿಯಮಗಳನ್ನೂ ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರಚನೆಯನ್ನ ಮನಸ್ಸಿಗೆ ಬಂದಂತೆ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಡಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕನ್ನ ವಿಂಟೇಜ್ ಅಂತ ನೋಂದಾಯಿಸಬಹುದು, ಆದ್ರೆ ಚಾಸಿಸ್ಸು, ಇಂಜಿನ್ನು ಮಾರ್ಪಾಡಾಗಿರಬಾರದು. ನನ್ನ ಕೆಫೆ ರೇಸರ್ ರಸ್ತೆಗಿಳಿದಿದ್ರೆ ಇದೂ ಹೋಗಿರೋದು. ಆದ್ರೆ ನಿಜ ಹೇಳ್ತೀನಿ, ನಾನು ಪ್ಲಾನ್ ಬಿಟ್ಟಿದ್ದು ಕಾನೂನಿಗೆ ಹೆದರಿ ಅಲ್ಲ. ನಾನು ಕಸ್ಟಮೈಸ್ ಮಾಡಕ್ಕೆ ಹೊರಟಿದ್ದ ಗಾಡಿಯನ್ನ ತಾತ ಆಗಲೇ ಕಸ್ಟಮೈಸ್ ಮಾಡಿ ಮುಗಿಸಿದ್ರು.

ಹಾಗಂತ ಶೋರೂಮ್ ಪೀಸ್ ಮಾಡಕ್ಕೂ ಮನಸ್ಸು ಬರಲಿಲ್ಲ. ಮೈಸೂರಿಂದ ಹೊರಟಾಗ ಇದ್ದ ಹಾಗೇ ಮಾಡ್ಬೇಕು ಅಂದ್ರೂ ಆ ಸರಳನ್ನ ತೆಗೀಬೇಕಲ್ಲ! ಓಡೋ ಹಾಗಾಗ್ಲಿ, ನಿಲ್ಲೋ ಹಾಗಾಗ್ಲಿ, ಉಳಿದದ್ದು ಹಾಗೇ ಇರ್ಲಿ ಅಂತ ತೀರ್ಮಾನಿಸಿದೆ.

ಪಿಸ್ಟನ್ ಜಾಮ್ ಆಗಿತ್ತು. ತಿಪಟೂರಿನ ಹಳೇ ಮೆಕ್ಯಾನಿಕ್ ಒಬ್ಬರು, “ಕಿಕ್ ಮೇಲೆ ಜೋರು ಮಾಡ್ಬೇಡಪ್ಪ, ಗೇರ್ ಒಳಗೆ ಕೂತಿರೋದು ಮುರಿಯುತ್ತೆ,” ಅಂದ್ರು. ಪ್ಲಗ್ ಬಿಚ್ಚಿ ಡೀಸೆಲ್‌ಗೆ ಸ್ವಲ್ಪ ಆಯಿಲ್ ಸೇರಿಸಿ ಒಳಗೆ ಬಿಟ್ಟು ಒಂದು ವಾರ ಸುಮ್ಮನಿದ್ದೆ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿದೆ. ಎರಡನೇ ದಿನ ಬಿಟ್ಕೊಂಡಿತು. ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿದ್ದವು, ಬದಲಾಯಿಸಿದೆ. ಟೂ ಸ್ಟ್ರೋಕಲ್ಲಿ ಇದನ್ನ ಉದಾಸೀನ ಮಾಡ್ಬೇಡಿ. ಸೀಲ್ ಹೋದ್ರೆ ಅಲ್ಲಿಂದ ಗಾಳಿ ಎಳ್ಕೊಂಡು, ಪೆಟ್ರೋಲು ಆಯಿಲು ಕಮ್ಮಿಯಾಗಿ, ಬಿಸಿಗೆ ಪಿಸ್ಟನ್ ಮತ್ತೆ ಹಿಡ್ಕೊಳ್ಳುತ್ತೆ. ಬ್ರೇಕ್ ಶೂ, ಟೈರು, ಕೇಬಲ್ಲು ಎಲ್ಲಾ ಹೊಸದು. ಅದರಲ್ಲಿ ಭಾವನೆಗೆ ಜಾಗ ಇಲ್ಲ.

ನಿಮ್ಮ ಮನೇಲೂ ಹಳೇ ಗಾಡಿ ಇದ್ರೆ ಮೂರು ಮಾತು. ಬಿಚ್ಚೋ ಮುಂಚೆ ಪ್ರತಿ ಕೋನದಿಂದ ಫೋಟೋ ತೆಗೀರಿ. ನಟ್ಟು ಬೋಲ್ಟು ಬೇರೆ ಬೇರೆ ಕವರಲ್ಲಿ ಹಾಕಿ ಮೇಲೆ ಹೆಸರು ಬರೀರಿ. ಮೊದಲ ತಿಂಗಳು ಏನನ್ನೂ ಕತ್ತರಿಸಬೇಡಿ. ಕಂಪನಿಯದಲ್ಲದ ಪಾರ್ಟ್ ಕಂಡ್ರೆ ಮನೆಯ ಹಿರಿಯರನ್ನ ಗಾಡಿ ಹತ್ರ ಕರ್ಕೊಂಡು ಬಂದು, “ಇದೇನು?” ಅಂತ ಕೇಳಿ. ಫೋನಲ್ಲಿ ಕೇಳಿದ್ರೆ ನೆನಪಾಗಲ್ಲ.

ಹೋದ ಭಾನುವಾರ ಸೋಗೆ ರಾಶಿ ಕೆದಕಿ ಎರಡೂ ಸರಳು ಹುಡುಕಿದೆ. ತುರುವೇಕೆರೆಗೆ ಒಯ್ದು ಮತ್ತೆ ವೆಲ್ಡ್ ಮಾಡಿಸಿದೆ. ಮನೆಗೆ ತಂದು ನೋಡಿದ್ರೆ ಎಡಗಡೆಯದು ಓರೆಯಾಗಿ ಕೂತಿದೆ. ಸರಿ ಮಾಡಿಸ್ಕೊಂಡು ಬರ್ತೀನಿ ಅಂತ ಹೊರಟೆ. ಅಪ್ಪ ಬಗ್ಗಿ ನೋಡಿ, “ಬಿಡೋ, ಮೊದ್ಲೂ ಓರೆನೇ ಇತ್ತು,” ಅಂದ್ರು.

ಮುಂದಿನ ಕಂತಲ್ಲಿ: ಇಲಿ ತಿಂದ ವೈರಿಂಗ್ ಕಥೆ.