ಮರದ ಮನೆಗೆ ಬೇಕಿರುವುದು ಬಣ್ಣವಲ್ಲ, ಸೂರು

ಮಲೆನಾಡು ಹಾಗೂ ಕರಾವಳಿಯ ಹಳೆಯ ಮನೆಗಳ ಹೊರಗಂಬ, ಬಾಗಿಲು, ಹಲಗೆಗಳು ಬೂದುಬಣ್ಣಕ್ಕೆ ತಿರುಗಿದೊಡನೆ ಎರಡು ತೀರ್ಮಾನಗಳಲ್ಲೊಂದು ಹೊರಬೀಳುತ್ತದೆ: ಎಣ್ಣೆಬಣ್ಣ ಬಳಿಯಬೇಕು, ಇಲ್ಲವೇ ಮನೆಯನ್ನೇ ಕೆಡವಬೇಕು. ಎರಡಕ್ಕೂ ಮೂಲ ಒಂದೇ ತಪ್ಪು ಗ್ರಹಿಕೆ. ಮರ ಬಣ್ಣಗೆಡುವುದು ಬೇರೆ, ಕೊಳೆಯುವುದು ಬೇರೆ.

ಬಿಸಿಲಿನ ಅತಿನೇರಳೆ ಕಿರಣಗಳು ಮರದ ಎಳೆಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಒಡೆಯುತ್ತವೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಮೇಲೆ ಉಳಿದ ಸೆಲ್ಯುಲೋಸ್ ಎಳೆಗಳು ಬೂದಿಯ ಬಣ್ಣ ತಾಳುತ್ತವೆ. ಈ ಕ್ರಿಯೆ ಮೇಲ್ಪದರಕ್ಕಷ್ಟೇ ಸೀಮಿತ. ಮೃದು ಮರಗಳಲ್ಲೇ ಸವೆತ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್. ತೇಗದಂತಹ ಗಟ್ಟಿಮರದಲ್ಲಿ ಇನ್ನೂ ಕಡಿಮೆ.

ಕೊಳೆತಕ್ಕೆ ಕಾರಣ ಶಿಲೀಂಧ್ರ. ಅದಕ್ಕೆ ಬೇಕಾದದ್ದು ನಿಂತ ತೇವ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಎಂದರೆ, ನೆನೆದು ಬೇಗ ಒಣಗುವ ಮರಕ್ಕೆ ಅಪಾಯ ಕಡಿಮೆ. ನೆನೆದು ಒಣಗದ ಮರಕ್ಕೆ ಉಳಿಗಾಲವಿಲ್ಲ.

ನಮ್ಮ ಹಿರಿಯರು ಈ ಸೂತ್ರವನ್ನು ಕಟ್ಟಡದಲ್ಲೇ ಅಳವಡಿಸಿದ್ದರು. ಗೋಡೆಯಿಂದ ದೂರಕ್ಕೆ ಚಾಚಿದ ಸೂರು, ಕಂಬದ ಬುಡಕ್ಕೆ ಕಲ್ಲು, ಎರಚಲು ತಡೆಯಲು ಮಳೆಗಾಲಕ್ಕೆ ಮುನ್ನ ಕಟ್ಟುವ ಸೋಗೆಯ ತಟ್ಟಿ: ಇವೆಲ್ಲ ಆ ತಿಳಿವಳಿಕೆಯ ಫಲ. ದೂರದ ನಾರ್ವೆಯ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಅಲ್ಲಿ ಕಂಬಗಳನ್ನು ನೆಲದಲ್ಲಿ ಹೂತು ಕಟ್ಟಿದ ಆರಂಭದ ಮರದ ಚರ್ಚುಗಳು ಕೊಳೆತು ಹೋದವು. ಕಲ್ಲಿನ ಮೇಲಿರಿಸಿದ ತೊಲೆಗಳ ಮೇಲೆ ಎದ್ದ 12ನೆಯ ಶತಮಾನದ ಊರ್ನೆಸ್ ಚರ್ಚು ಇಂದಿಗೂ ನಿಂತಿದೆ.

ಬಣ್ಣದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಅದು ಬಿಸಿಲನ್ನು ತಡೆಯುತ್ತದೆ. ಆದರೆ ಮರ ಹಿಗ್ಗಿ ಕುಗ್ಗುವಾಗ ಬಣ್ಣದ ಪೊರೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಪೊರೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಹೊಳಪು, ಒಳಗೆ ಕೊಳೆತ. ಬಳಿದ ಬಣ್ಣವನ್ನು ಕಾಲಕಾಲಕ್ಕೆ ಕೆರೆದು ಮತ್ತೆ ಬಳಿಯುವ ಶಿಸ್ತಿಲ್ಲದಿದ್ದರೆ ಬಳಿಯದಿರುವುದೇ ಲೇಸು.

ಆಡಳಿತದಲ್ಲಿ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ಬಣ್ಣದ ಕೆಲಸವನ್ನು ಚದರ ಮೀಟರಿನಲ್ಲಿ ಅಳೆದು, ಮಾರ್ಚ್ ಮುಗಿಯುವುದರೊಳಗೆ ಬಿಲ್ಲು ಮಾಡಬಹುದು. ಸರಿದ ಹೆಂಚನ್ನು ಸರಿಪಡಿಸುವುದು, ದೋಣಿಯಲ್ಲಿನ ಕಸ ತೆಗೆಯುವುದು, ಕಂಬದ ಬುಡದ ಮಣ್ಣು ಬಿಡಿಸುವುದು ಅಗ್ಗದ ಕೆಲಸಗಳು. ಕಣ್ಣಿಗೂ ಬೀಳವು, ಲೆಕ್ಕಕ್ಕೂ ಸಿಗವು. ಹೀಗಾಗಿ ವೆಚ್ಚ ಹೆಚ್ಚುತ್ತದೆ, ಆಯುಷ್ಯ ಹೆಚ್ಚುವುದಿಲ್ಲ.

ಆದ್ದರಿಂದ ಸರ್ಕಾರಿ ಒಡೆತನದ ಹಳೆಯ ಮರದ ಕಟ್ಟಡಗಳಿಗೆ ಬಣ್ಣದ ಅಂದಾಜುಪಟ್ಟಿ ಮಂಜೂರಾಗುವ ಮುನ್ನ ಚಾವಣಿ, ದೋಣಿ, ಕಂಬದ ಬುಡಗಳ ತಪಾಸಣಾ ವರದಿ ಕಡ್ಡಾಯವಾಗಬೇಕು. ಖಾಸಗಿ ಮನೆಯವರಿಗೆ ಇಷ್ಟೂ ಬೇಡ. ಕೆಡವುವ ಮಾತಿಗೆ ಮೊದಲು ಅನುಭವಿ ಬಡಗಿಯೊಬ್ಬರನ್ನು ಕರೆಸಲಿ. ಮೊನಚಾದ ಉಳಿಯಿಂದ ಒತ್ತಿದಾಗ ಮರ ಕುಸಿದರೆ ಕೊಳೆತಿದೆಯೆಂದು ಅರ್ಥ. ಗಟ್ಟಿಯಾಗಿ ತಡೆದರೆ, ಬೂದು ಬರಿಯ ಬಣ್ಣ.

ಆ ಗಾತ್ರದ, ಆ ವಯಸ್ಸಿನ ಮರ ಇಂದು ಪೇಟೆಯಲ್ಲಿ ಸುಲಭಕ್ಕೆ ದೊರೆಯದು. ಮರಳಿ ಗಳಿಸಲಾಗದ ಇಂತಹ ಬಂಡವಾಳವನ್ನು ಮುಪ್ಪಿನ ಬಣ್ಣ ನೋಡಿ ಬೆದರಿ ಕಳೆದುಕೊಳ್ಳುವುದು ಜಾಣತನವಲ್ಲ.